ಒಂಬತ್ತು ವರ್ಷದ ತಪ್ಪು

ಬೆಳಗಿನ ಆರು ಗಂಟೆ. ರೋಣದ ತಾಲ್ಲೂಕು ಕಚೇರಿ ಬಾಗಿಲು ತೆರೆಯಲು ಇನ್ನೂ ನಾಲ್ಕು ತಾಸಿದೆ. ಎದುರಿನ ಬೇವಿನ ಕಟ್ಟೆಯ ಮೇಲೆ ಉಸ್ಮಾನಸಾಬ ಹಳೆಯ ಕಾಗದವೊಂದನ್ನು ಎಳೆಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಅಕ್ಷರ ಹೆಕ್ಕುತ್ತಿದ್ದಾರೆ. "ಮುಂಜಾನಿ ಬೆಳಕಿನ್ಯಾಗ ಮಸಿ ಮ್ಯಾಲ ಏಳತೈತ್ರಿ" ಎನ್ನುತ್ತಾರೆ.

ವಯಸ್ಸು ಎಪ್ಪತ್ತೊಂದು. ಕುಲಕರ್ಣಿಯವರ ಮನೆಯಲ್ಲಿ ದಫ್ತರ ಹೊರುತ್ತಲೇ, ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಕಲಿತವರು. ನರಗುಂದ, ಗಜೇಂದ್ರಗಡ, ಸೂಡಿಯಿಂದ ಜನ ಬರುತ್ತಾರೆ. ದಿನಕ್ಕೆ ನಾಲ್ಕೈದು ಕಾಗದ. ಸಾಹೇಬರೂ ಕರೆಸಿ ಓದಿಸುತ್ತಾರೆ, ಕುರ್ಚಿ ಮಾತ್ರ ಕೊಡುವುದಿಲ್ಲ.

ಪತ್ರಿಕೆಯಲ್ಲಿ ಅವರನ್ನು ಹೊಗಳಿ ಬರೆಯಲೆಂದೇ ನಾನು ಬಂದಿದ್ದೇನೆ. ಅವರು ಒಪ್ಪುವುದಿಲ್ಲ. "ಮೊದಲ ಗಾಳೆವ್ವನ ಸುದ್ದಿ ಬರಕೋರಿ."

ಗಾಳೆವ್ವ ಹೊಳೆಮಣ್ಣೂರಿನವರು. ಅವರ ಮುತ್ತಜ್ಜನಿಗೆ ಇಂಗ್ಲಿಷರ ಸರಕಾರ ಹೊಳೆದಂಡೆಯ ಎರಡು ಎಕರೆಯನ್ನು ತೊಂಬತ್ತೊಂಬತ್ತು ವರ್ಷದ ಕೌಲಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿತ್ತು. ಮುದ್ದತು ತೀರುವ ಮೊದಲೇ ಅರ್ಜಿ ಹಾಕಿದರೆ ಕೌಲು ಮುಂದುವರಿಯುತ್ತದೆ. ಒಂದು ದಿನ ತಪ್ಪಿದರೂ ಭೂಮಿ ಸರಕಾರಕ್ಕೆ. ಆ ಕರಾರು ಬರೆದವರು ದೇಶ ಬಿಟ್ಟು ಅರವತ್ತು ವರ್ಷವಾಗುತ್ತ ಬಂತು, ಕರಾರು ಮಾತ್ರ ಗಟ್ಟಿಮುಟ್ಟಾಗಿದೆ.

2002ರಲ್ಲಿ ಗಾಳೆವ್ವ ಆ ಕಾಗದ ತಂದಾಗ ಇಂಗ್ಲಿಷ್ ತಾರೀಖಿದ್ದ ಅಂಚನ್ನು ಗೆದ್ದಲು ತಿಂದಿತ್ತು. ಉಳಿದದ್ದು 'ಸನ್ 1315' ಮಾತ್ರ. ಅದು ಫಸಲಿ ವರ್ಷ, ಕಂದಾಯದ ಲೆಕ್ಕದ ಸನ್. ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ಇಸವಿ 1905. ಹೆಚ್ಚಾಗಿ ಪೇಶ್ವೆಯರ ಕಾಲದ ಕಾಗದಗಳನ್ನೇ ಓದಿದ ಉಸ್ಮಾನಸಾಬ, ಅದನ್ನೂ ಆ ಕಾಗದಗಳಲ್ಲಿರುವ ಅರಬಿ ಸನ್ ಎಂದುಕೊಂಡು, ರೂಢಿಯಂತೆ ಐನೂರ ತೊಂಬತ್ತೊಂಬತ್ತು ಕೂಡಿಸಿಬಿಟ್ಟರು. 1914 ಬಂತು, ಮುದ್ದತು 2013ಕ್ಕೆ ಹೋಯಿತು. "ಇನ್ನೂ ಹನ್ನೊಂದು ವರ್ಷ ಐತಿ, ನಿಶ್ಚಿಂತಿ ಇರವಾ" ಎಂದು ಕಳಿಸಿದರು.

ಮುದ್ದತು ಮುಗಿದದ್ದು 2004ರಲ್ಲಿ. ಮರುವರ್ಷ ನೋಟಿಸು ಬಂತು. ಬದನೆ ಗಿಡದಲ್ಲಿ ಕಾಯಿ ಇದ್ದಾಗಲೇ ಸುತ್ತಲೂ ಸರಕಾರದ ತಂತಿಬೇಲಿ ಎದ್ದಿತು.

"ಆಕಿ ಬೈದಿದ್ರ ಚಲೋ ಇತ್ರಿ. 'ಇರ್ಲಿ ಬಿಡಪಾ ಅಣ್ಣಾ' ಅಂದ್ಳು. ಅವತ್ತಿಂದ ಹೊಳೆಮಣ್ಣೂರ ಬಸ್ಸು ಬಂದ್ರ ಮಾರಿ ತಿರುವಿ ಕುಂದರತೀನ್ರಿ. ಭಾಳ ನಾಚಿಕಿ ಬರತೈತಿ."

ಇವತ್ತು ಗಾಳೆವ್ವನ ಮರು ಅರ್ಜಿಯ ವಿಚಾರಣೆ. ತಪ್ಪು ತನ್ನದೇ ಎಂದು ಉಸ್ಮಾನಸಾಬ ಬರೆದು ಸಹಿ ಮಾಡಿದ ಹೇಳಿಕೆ ಅಂಗಿಯ ಜೇಬಿನಲ್ಲಿದೆ. ಅದನ್ನು ಕೊಟ್ಟ ಮೇಲೆ ಈ ಕಟ್ಟೆಗೆ ಯಾರೂ ಬರಲಿಕ್ಕಿಲ್ಲ ಎಂದು ಅವರಿಗೂ ಗೊತ್ತು.

ನಾನು ಕ್ಯಾಮೆರಾ ತೆಗೆಯುತ್ತೇನೆ. ಅವರು ಕೈ ಅಡ್ಡ ಹಿಡಿಯುತ್ತಾರೆ.

"ಫೋಟೋ ಬ್ಯಾಡ್ರಿ, ಲೆಕ್ಕ ಹಾಕ್ರಿ. ಫಸಲಿಗೆ ಐನೂರಾ ತೊಂಬತ್ತು ಕೂಡಸಬೇಕು, ಒಂಬತ್ತು ಹೆಚ್ಚಿಗಿ ಕೂಡಸಿದಾಂವ ಉಸ್ಮಾನಸಾಬ ಅಂತ ಹೆಸರ ಹಾಕೇ ಬರೀರಿ. ನನ್ನ ಕಡೆ ಓದಿಸಿದ ಕೌಲಿನ ಕಾಗದ ಇನ್ನೂ ಯಾರ್ಯಾರ ಮನ್ಯಾಗ ಅದಾವೋ."