ಹಗೇವು ಒಡೆದ ಮುತ್ತಜ್ಜ

ತಾನು ಕಳ್ಳನ ವಂಶದವಳೆಂದು ಒಬ್ಬಳು ನಗುನಗುತ್ತ ಹೇಳಿಕೊಂಡಿದ್ದನ್ನು ನಾನು ಮೊದಲು ಕೇಳಿದ್ದು ನನ್ನ ಹೊಲಿಗೆ ಅಂಗಡಿಯಲ್ಲಿ. ವಿಜಯಪುರದಲ್ಲಿ ಗೋಳಗುಮ್ಮಟಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಗುಮ್ಮಟ ನೋಡಲು ಬಂದಿದ್ದ ಆಸ್ಟ್ರೇಲಿಯಾದ ಹೆಂಗಸೊಬ್ಬಳು, ಚೀಲದ ಜಿಪ್ಪು ಕಿತ್ತುಹೋಯಿತೆಂದು ಒಳಗೆ ಬಂದಳು. ನನ್ನ ಇಂಗ್ಲಿಷು ಬ್ಲೌಸಿನ ಅಳತೆಯಾಚೆ ಹೋಗುವುದಿಲ್ಲ. ಆದರೂ ಜಿಪ್ಪು ಕೂರಿಸುವಷ್ಟರಲ್ಲಿ ಅವಳ ಕುಲಗೋತ್ರವೆಲ್ಲ ತಿಳಿದುಬಿಟ್ಟಿತು. ಅವಳ ಹಿರಿಯನೊಬ್ಬ ಐರ್ಲೆಂಡಿನವನು, ಕುರಿ ಕದ್ದು ಸಿಕ್ಕಿಬಿದ್ದ. ಬೇಡಿ ತೊಡಿಸಿ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಇವಳು ಹಳೆಯ ಕಾಗದಗಳನ್ನೆಲ್ಲ ಹುಡುಕಿಸಿ, ಐರ್ಲೆಂಡಿನ ಅವನ ಊರಿಗೂ ಹೋಗಿ ಬಂದಿದ್ದಳು. ಫೋನಿನಲ್ಲಿ ಆ ಊರಿನ ಚಿತ್ರ ತೋರಿಸಿ, ಮಗ ಡಾಕ್ಟರಾದನೆಂದು ಹೇಳುವ ತಾಯಿಯ ಧಾಟಿಯಲ್ಲಿ, "ಕಳ್ಳ, ನಮ್ಮ ಕಳ್ಳ" ಎಂದಳು.

ನಾನು ತಲೆ ತಗ್ಗಿಸಿ ಜಿಪ್ಪು ಹೊಲಿದೆ. ಏಕೆಂದರೆ ಅಂಥವನೊಬ್ಬ ನಮ್ಮಲ್ಲೂ ಇದ್ದ. ನನ್ನ ಮುತ್ತಜ್ಜ, ಕರಿನೀರಿಗೆ ಹೋದವನು. ಅಂಡಮಾನಿನ ಜೈಲಿಗೆ ಸಾಗಿಸಿದವರನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಯಾಕೆ ಹೋದ ಎಂದು ಚಿಕ್ಕವಳಿದ್ದಾಗ ಕೇಳಿದರೆ ಅಪ್ಪ, "ಸುಮ್ನ ರೊಟ್ಟಿ ತಿನ್ನು" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಉತ್ತರ ಬೇಡವಾದ ಪ್ರಶ್ನೆಗಳಿಗೆಲ್ಲ ರೊಟ್ಟಿ ಬಡಿಸುವುದು ಪದ್ಧತಿ.

ಆ ವಾರವೇ ಬಬಲೇಶ್ವರಕ್ಕೆ ಹೋದೆ. ಅಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ಅಕ್ಕ. ಎಂಬತ್ತು ದಾಟಿದರೂ ಸಂತೆಯಲ್ಲಿ ಕೂತು ಸಾಸಿವೆ, ಜೀರಿಗೆ ಮಾರುತ್ತಾಳೆ. ಚೌಕಾಸಿ ಮಾಡಿದವರಿಗೆ ಸಾಸಿವೆಯ ಜೊತೆ ಬೈಗುಳವನ್ನೂ ಕಟ್ಟಿಕೊಡುತ್ತಾಳೆ. ಆಸ್ಟ್ರೇಲಿಯಾದವಳ ಕತೆ ಕೇಳಿ ಅವಳ ತಕ್ಕಡಿ ನಿಂತಿತು.

"ಕುರಿ ಕದ್ದಂವನ ಹೆಸರ ಹೇಳ್ಕೊಂತ ದೇಶ ತಿರಗಾಕತ್ತಾಳ ಆಕಿ?"

"ಹೌದತ್ತಿ. ಫೋಟೋ ಬ್ಯಾರೆ ತೋರಿಸಿದ್ಳು."

"ಹಂಗಾರ ನಾವೇನ ಪಾಪ ಮಾಡೇವಿ?"

ಅಂದು ಅವಳು ಗಿರಾಕಿಗಳನ್ನು ಪಕ್ಕದ ಅಂಗಡಿಗೆ ಅಟ್ಟಿ ನನಗೆ ಎಲ್ಲ ಹೇಳಿದಳು. ನಮ್ಮಲ್ಲಿ ವಂಶದ ಲೆಕ್ಕ ಇರುವುದು ಹೆಳವರ ನಾಲಿಗೆಯ ಮೇಲೆ. ಸುಗ್ಗಿ ಮುಗಿದ ಮೇಲೆ ಬಾಗಿಲಿಗೆ ಬಂದು, ಈ ಮನೆಯ ಮೂಲಪುರುಷ ಇಂಥವ, ಅವನ ಮಗ ಇಂಥವ, ಮೊಮ್ಮಗ ಇಂಥವ ಎಂದು ರಾಗವಾಗಿ ಹೇಳಿ, ಜೋಳ ಪಡೆದು ಹೋಗುತ್ತಾರೆ. ಮುತ್ತಜ್ಜ ಕರಿನೀರಿಗೆ ಹೋದಾಗ ಮನೆಯ ಹಿರಿಯರು ಆಗಿನ ಹೆಳವನಿಗೆ ಒಂದು ಆಕಳ ಕರು ಕೊಟ್ಟು, ಆ ಹೆಸರನ್ನು ಹಾರಿಸಿಬಿಡು ಎಂದರಂತೆ. ಅಂದಿನಿಂದ ಮುತ್ತಜ್ಜನ ಮಗ, ಅಂದರೆ ಅತ್ತೆಯ ಅಪ್ಪ, ತನ್ನ ದೊಡ್ಡಪ್ಪನ ಮಗನಾಗಿಬಿಟ್ಟ. ತಲೆಮಾರುಗಳಿಂದ ಹೆಳವರು ಹಾಗೆಯೇ ಹೇಳುತ್ತ ಬಂದಿದ್ದರು.

"ತನ್ನ ಹೆಸರ ಬರೂ ಹೊತ್ತಿಗೆ ನಮ್ಮಪ್ಪ ಎದ್ದು ಎತ್ತಿನ ಕಡಿ ಹೋಗಿಬಿಡ್ತಿದ್ದ" ಎಂದಳು ಅತ್ತೆ. "ಕೇಳಾಕ ಆಗ್ತಿದ್ದಿಲ್ಲ ಅವಗ. ನಾ ಸಾಯೂದ್ರಾಗ ಒಮ್ಮಿ ಹೆಳವನ ಬಾಯಾಗ ಅಂವನ್ನ ಅವರಪ್ಪನ ಮಗಾ ಅಂತ ಕೇಳಬೇಕು ನೋಡು."

ಎಲ್ಲರಿಗೂ ಬೈದು ಬದುಕಿದ ಅತ್ತೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು. ಅವಳು ನೋಡಿದರೆ ಅದಕ್ಕೂ ಬೈಯುತ್ತಾಳೆಂದು, ಅಷ್ಟಕ್ಕೂ ಮುತ್ತಜ್ಜ ಮಾಡಿದ್ದೇನು ಎಂದು ಕೇಳಿದೆ.

"ತಿಕೋಟಾದ ಗೌಡರ ಹಗೇವ ಒಡದನಂತ. ಅಷ್ಟ ಗೊತ್ತು ನನಗ."

ಹಗೇವೆಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ಮರುದಿನ ನಮ್ಮ ಹಿರಿಯರ ಊರಾದ ತಿಕೋಟಾಕ್ಕೆ ಹೋಗಿ ಗೌಡರ ಮನೆಯ ಬಾಗಿಲು ತಟ್ಟಿದೆ. ನಿಮ್ಮಲ್ಲಿ ಕಳವು ಮಾಡಿದವನ ಮರಿಮಗಳು ಬಂದಿದ್ದೇನೆ ಎಂದು ಯಾರಾದರೂ ಹೇಗೆ ಪರಿಚಯ ಮಾಡಿಕೊಳ್ಳಬೇಕು? ಬಾಗಿಲು ತೆರೆದವಳು ಆ ಮನೆಯ ಸೊಸೆ, ನನ್ನ ವಾರಿಗೆಯವಳು. ಹೇಗೋ ತಡವರಿಸಿ ಹೇಳಿದೆ. ಅವಳ ಮುಖ ಅರಳಿತು.

"ನಮ್ಮ ಕಳ್ಳನ ಮನಿಯವ್ರೇನ್ರಿ ನೀವು? ಒಳಗ ಬರ್ರಿ, ಚಾ ಕುಡೀರಿ."

ಹಗೇವಿದ್ದ ಜಾಗವನ್ನು ತೋರಿಸಿದಳು. ಈಗ ಅದರ ಮೇಲೆ ಸಿಮೆಂಟು ಹಾಕಿ ಬೈಕು ನಿಲ್ಲಿಸಿದ್ದಾರೆ. ಕತೆಯನ್ನು ಅವಳು ತನ್ನ ತವರಿನ ಕತೆಯೆಂಬಂತೆ ಹೇಳಿದಳು. ಮುತ್ತಜ್ಜ ಹಸಿದು ಕದ್ದವನಲ್ಲ, ಮನೆಯಲ್ಲಿ ಜೋಳ ಬೇಕಾದಷ್ಟಿತ್ತು. ಆಗಿನ ಗೌಡ ಕಣದಲ್ಲಿ ನಾಲ್ಕು ಜನರೆದುರು, "ನಿನ್ನ ಜ್ವಾಳ ಕೋಳಿನೂ ಮುಟ್ಟಂಗಿಲ್ಲ" ಎಂದನಂತೆ. ಮುತ್ತಜ್ಜನಿಗೆ ಅದು ನೆತ್ತಿಗೇರಿತು. ಜೊತೆಗಾರರನ್ನು ಕಟ್ಟಿಕೊಂಡು ಹಗೇವು ಒಡೆದು ಜೋಳ ಹೊತ್ತೊಯ್ದ. ಕಳ್ಳನಾದವನು ಮಾಲು ಬಚ್ಚಿಡಬೇಕೋ ಬೇಡವೋ? ಈ ಮಹಾರಾಯ ಅದನ್ನು ಬೀಸಿಸಿ, ತನ್ನ ಜೋಳದ್ದೊಂದು ರೊಟ್ಟಿ, ಗೌಡನ ಜೋಳದ್ದೊಂದು ರೊಟ್ಟಿ ಮಾಡಿಸಿ, ಯಾವುದು ರುಚಿ ಹೇಳಿರೆಂದು ಓಣಿಯ ಮಂದಿಯನ್ನೆಲ್ಲ ಊಟಕ್ಕೆ ಕರೆದ. ಉಂಡವರಲ್ಲೇ ಯಾರೋ ಚಾವಡಿಗೆ ಹೋಗಿ ಹೇಳಿದರು.

"ಮತ್ತ ಯಾವದು ರುಚಿ ಆಗಿತ್ತಂತ್ರಿ?" ಎಂದು ಕೇಳದೆ ಇರಲಾಗಲಿಲ್ಲ ನನಗೆ.

"ಅದನ್ನ ಯಾರೂ ಹೇಳವಲ್ರು ನೋಡ್ರಿ" ಎಂದು ಅವಳು ನಕ್ಕಳು.

ಆದರೆ ಕಳವಿನ ಗದ್ದಲದಲ್ಲಿ ಕಾವಲುಗಾರನ ಕೈ ಮುರಿದಿತ್ತು. ಅದು ಮತ್ತೆ ನೆಟ್ಟಗಾಗಲಿಲ್ಲವಂತೆ. ಗುಂಪು ಕಟ್ಟಿ ದರೋಡೆ, ಮೇಲೆ ಕೈ ಮುರಿದದ್ದು, ಹಾಗಾಗಿ ಕರಿನೀರು. ಮುತ್ತಜ್ಜ ಮರಳಿ ಬರಲಿಲ್ಲ.

"ಎಳ್ಳಮಾಸಿಗೆ ಹೊಲದಾಗ ಉಣ್ಣಾಕ ಕುಂತಾಗ ನಮ್ಮ ಮಾವ ಈ ಕತಿ ಹೇಳಲಾರದ ಬಿಡಂಗಿಲ್ರಿ" ಎಂದಳು ಸೊಸೆ. "ಹೆಸರ ಹಿಡದ ಹೇಳ್ತಾರ."

ಕಳವಾದ ಮನೆಯಲ್ಲಿ ಅವನ ಹೆಸರು ಭದ್ರವಾಗಿತ್ತು, ಹುಟ್ಟಿದ ಮನೆಯಲ್ಲಿ ಕರು ಕೊಟ್ಟು ಅಳಿಸಿದ್ದರು. ನನಗೆ ನಾಚಿಕೆಯಾಯಿತು, ಆದರೆ ಕಳ್ಳನ ದೆಸೆಯಿಂದಲ್ಲ.

ನಮ್ಮ ಮನೆಯ ಈಗಿನ ಹೆಳವನಿಗೆ ಫೋನು ಮಾಡಿದೆ. ತಮ್ಮಜ್ಜ ಕೊಟ್ಟ ಮಾತು ಅದು, ಮನೆಯ ಹಿರಿಯ ಗಂಡಸು ಆ ಮಾತಿನಿಂದ ಬಿಡಿಸಿದರೆ ಮಾತ್ರ ಹೆಸರು ಸೇರಿಸುತ್ತೇನೆ ಎಂದ. ನಮ್ಮ ಹಿರಿಯ ಗಂಡಸೆಂದರೆ ದೊಡ್ಡಪ್ಪನ ಮಗ, ಅಣ್ಣ. ತಿಕೋಟಾದ ಹಳೆಯ ಮನೆಯಲ್ಲಿರುತ್ತಾನೆ, ಆಗ ಸೊಸೈಟಿಯ ಚುನಾವಣೆಗೆ ನಿಲ್ಲುವ ಹುರುಪಿನಲ್ಲಿದ್ದ. ಮೊದಲು, "ನನ್ನ ಮರ್ಯಾದಿ ಕಳೀಬ್ಯಾಡ ತಂಗಿ" ಎಂದು ಫೋನು ಇಟ್ಟ. ಎರಡೇ ದಿನಕ್ಕೆ ತಾನೇ ಫೋನು ಮಾಡಿದ, ದನಿಯಲ್ಲಿ ಬೆಲ್ಲವಿತ್ತು.

"ಕರಿನೀರು ಅಂದಮ್ಯಾಲ ಸ್ವಾತಂತ್ರ್ಯ ಹೋರಾಟಗಾರ ಆದ್ನಲ್ಲ. ಹಂಗ ಹೇಳಸೂಣು. ಊರ ಬಾಗಲಕ್ಕೊಂದು ಕಮಾನೂ ಕಟ್ಟಸೂಣು."

ಅತ್ತೆಗೆ ತಿಳಿಸಿದೆ. ಅವಳು ಜೀರಿಗೆ ಕೇರುವುದನ್ನು ನಿಲ್ಲಿಸಲಿಲ್ಲ.

"ಅಂವ ಇಂಗ್ರೇಜರ ಮಾರಿ ನೋಡಿದ್ದು ಕೋರ್ಟಿನ್ಯಾಗಷ್ಟ. ನಮ್ಮಪ್ಪಗ ಸುಳ್ಳ ಅಪ್ಪ ಒಬ್ಬ ಇದ್ದದ್ದು ಸಾಕಾಗೇತಿ. ಇನ್ನೊಬ್ಬಾವ ಬ್ಯಾಡ."

ಸುಗ್ಗಿಯ ಮೇಲೆ ಹೆಳವ ತಿಕೋಟಾಕ್ಕೆ ಬಂದ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಇವನು ಮೋಟಾರ್ ಸೈಕಲ್ಲಿನ ಹಿಡಿಕೆಗೆ ಗಂಟೆ ಕಟ್ಟಿಕೊಂಡು ಬಂದಿದ್ದ. ಅಣ್ಣ ಅವನ ಹೆಗಲ ಮೇಲೆ ಕೈ ಹಾಕಿ ಹಿತ್ತಿಲಿಗೆ ಕರೆದೊಯ್ದ. ಮರಳಿ ಬರುವಾಗ ಇಬ್ಬರ ಮುಖದಲ್ಲೂ ಬೀಗರ ಕಳೆಯಿತ್ತು. ನಾನೇನು ಕಡಿಮೆ? ಗೌಡರ ಸೊಸೆಯನ್ನು ಊಟಕ್ಕೆ ಕರೆದು ಪಡಸಾಲೆಯಲ್ಲಿ ಅತ್ತೆಯ ಪಕ್ಕ ಕೂರಿಸಿದ್ದೆ.

ಹೆಳವ ಮೂಲಪುರುಷನಿಂದ ಹಿಡಿದು ಹೇಳುತ್ತ ಬಂದ. ಮುತ್ತಜ್ಜನ ಹೆಸರು ಬಂತು. ಅತ್ತೆ ಮುಂದಕ್ಕೆ ಬಾಗಿದಳು.

"ಇಂಗ್ರೇಜರ ಎದಿ ನಡಗಿಸಿ, ದೇಶಕ್ಕಾಗಿ ಕರಿನೀರ ಕಂಡಂವ..."

"ಯಾವ ಇಂಗ್ರೇಜರಪಾ?" ಎಂದಳು ಗೌಡರ ಸೊಸೆ. "ನಮ್ಮ ಹಗೇವ ಒಡದಾನ ಅಂವ. ಒಡದ ಜಾಗಾ ತೋರಸ್ಲೇನು?"

ನೆರೆದ ಮಂದಿ ಬಿದ್ದು ಬಿದ್ದು ನಕ್ಕರು. ಹೆಳವ ಅಣ್ಣನ ಕಡೆ ನೋಡಿದ, ಅಣ್ಣ ಮಾಡಿನ ಜಂತಿಗಳನ್ನು ನೋಡಿದ. ಕಡೆಗೆ ಅವನಿಗೂ ನಗು ತಡೆಯಲಾಗಲಿಲ್ಲ. "ಇದ್ದದ್ದ ಇದ್ದಾಂಗ ಹೇಳಪಾ ಮಾರಾಯ" ಎಂದ. ಕಮಾನು ಹೋದರೂ ಆ ಒಂದು ಮಾತಿಗಾಗಿ ನನಗೆ ಅಣ್ಣನ ಮೇಲೆ ಪ್ರೀತಿ ಉಕ್ಕಿತು.

ಹೆಳವ ಕೆಮ್ಮಿ ದನಿ ಸರಿಮಾಡಿಕೊಂಡ. ಗೌಡರ ಹಗೇವ ಒಡದಂವ, ಕಾವಲುಗಾರನ ಕೈ ಮುರದಂವ, ಕರಿನೀರ ಕಂಡಂವ ಎಂದು ಮುತ್ತಜ್ಜನನ್ನು ಅವನ ಜಾಗದಲ್ಲಿ ನಿಲ್ಲಿಸಿ, "ಅವನ ಮಗಾ" ಎಂದು ಅತ್ತೆಯ ಅಪ್ಪನ ಹೆಸರು ಹೇಳಿದ. ಅಲ್ಲಿಂದ ನಮ್ಮೆಲ್ಲರವರೆಗೂ ಇಳಿದು ಬಂದು ಮುಗಿಸಿದ. ಅಣ್ಣನ ಹೆಂಡತಿ ಮೊರದಲ್ಲಿ ಜೋಳ ತಂದಳು, ಅವನು ಚೀಲದ ಬಾಯಿ ಬಿಚ್ಚಿದ.

"ಇನ್ನೊಮ್ಮಿ ಹೇಳು" ಎಂದಳು ಅತ್ತೆ.

"ಒಮ್ಮಿ ಹೇಳಿದ್ರ ಆತ್ರಿ ಆಯಿ. ವಂಶಾನ ಎರಡ ಸಲ ಹೇಳೂ ಪದ್ಧತಿ ಇಲ್ರಿ."

"ನಮ್ಮಪ್ಪ ಸಾಯೂತನಾ ಮಂದಿ ಮಗಾ ಆಗಿದ್ದ. ಒಮ್ಮಿ ಹೇಳಿದ್ರ ಹೆಂಗ ಸಾಲತೈತೋ? ಹೇಳು."

ಹೆಳವ ಚೀಲ ಕೆಳಗಿಟ್ಟು ಮತ್ತೆ ಮೂಲಪುರುಷನಿಂದ ಶುರುಮಾಡಿದ.