ಗುಂಯ್ ಎನ್ನುವ ಸದ್ದಿನ ಮೇಲೆ ಒಂಬತ್ತು ಅರ್ಜಿ

ಕೊರೊನಾ ಕಾಟ ಮುಗಿದ ಮರುವರ್ಷ ನನ್ನನ್ನು ನ್ಯಾಮತಿಗೆ ಶಾಖಾಧಿಕಾರಿಯಾಗಿ ಹಾಕಿದರು. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ವಿದ್ಯುತ್ ಕಂಪನಿಯಲ್ಲಿ ಶಾಖಾಧಿಕಾರಿ ಎಂದರೆ ಭಾರಿ ಹುದ್ದೆಯೇನಲ್ಲ. ಆದರೆ ಊರಲ್ಲಿ ಕರೆಂಟು ಹೋದರೆ ಜನ ಮೊದಲು ಬೈಯುವುದು ಅವರನ್ನೇ. ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅದಕ್ಕೆ ಮೊದಲು ಆರು ವರ್ಷ ಜಗಳೂರಿನಲ್ಲಿದ್ದೆ. ಆ ಒಣನೆಲದಲ್ಲಿ ಅರ್ತಿಂಗ್ ಗುಂಡಿಗಳಿಗೆ ಉಪ್ಪು, ಇದ್ದಿಲು ತುಂಬಿಸಿ, ಬಿಂದಿಗೆಗಟ್ಟಲೆ ನೀರು ಹುಯ್ಯಿಸುವುದರಲ್ಲೇ ನನ್ನ ಅರ್ಧ ಬೇಸಿಗೆ ಕಳೆಯುತ್ತಿತ್ತು.

ಅರ್ತಿಂಗ್ ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮಿಕ್ಸಿ, ಗೀಸರ್, ಫ್ರಿಜ್ಜು ಯಾವುದೇ ಇರಲಿ, ಒಳಗೆಲ್ಲೋ ಕರೆಂಟು ಸೋರಿ ಅದರ ಲೋಹದ ಮೈಗೆ ಬಂದರೆ ಅದನ್ನು ನೆಲಕ್ಕೆ ಇಳಿಸಿ, ಫ್ಯೂಸ್ ಹೋಗುವಂತೆ ಮಾಡುವ ತಂತಿ ಅದು. ಆ ತಂತಿ ಇಲ್ಲದಿದ್ದರೆ ಕರೆಂಟು ಮನುಷ್ಯನ ಮೈಯ ಮೂಲಕ ನೆಲಕ್ಕೆ ಇಳಿಯುತ್ತದೆ. ಇದರಲ್ಲಿ ಅಭಿಪ್ರಾಯಭೇದಕ್ಕೆ ಜಾಗವಿಲ್ಲ.

ನಾನು ಅಧಿಕಾರ ವಹಿಸಿಕೊಂಡ ದಿನ ಮೇಜಿನ ಮೇಲೆ ಒಂದು ದಪ್ಪ ಫೈಲು ಕಾಯುತ್ತಿತ್ತು. ಸವಳಂಗ ರಸ್ತೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಚಂದ್ರಪ್ಪ ಎಂಬವರು ಕೊಟ್ಟ ಒಂಬತ್ತು ಅರ್ಜಿಗಳು ಅದರಲ್ಲಿದ್ದವು. ಎಲ್ಲದರ ವಿಷಯವೂ ಒಂದೇ: ‘ವಿದ್ಯುತ್ತಿನ ಅಶುದ್ಧತೆಯ ಕುರಿತು.’ ಮೂವತ್ತು ವರ್ಷದ ಸರ್ವಿಸಿನಲ್ಲಿ ಕರೆಂಟು ಇಲ್ಲ, ಕಡಿಮೆ ಇದೆ, ಬಿಲ್ಲು ಜಾಸ್ತಿ ಬಂತು ಎಂಬ ದೂರುಗಳನ್ನು ಕಂಡಿದ್ದೆ. ಕರೆಂಟು ಮೈಲಿಗೆಯಾಗಿದೆ ಎಂಬ ದೂರು ಅದೇ ಮೊದಲು. ನಕ್ಕು ಪಕ್ಕಕ್ಕಿಟ್ಟೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಚಂದ್ರಪ್ಪನವರು ಮರುದಿನವೇ ಬಂದು ನನ್ನನ್ನು ಮನೆಗೆ ಕರೆದೊಯ್ದರು. ಮಹಡಿಯ ಮೇಲೆ ಹಾಡು ಕೇಳುವುದಕ್ಕೆಂದೇ ಒಂದು ಕೋಣೆ ಕಟ್ಟಿಸಿದ್ದರು. ಗೋಡೆಗೆಲ್ಲ ದಪ್ಪ ಮೆತ್ತೆ, ಎದುರಿಗೆ ಆಳೆತ್ತರದ ಎರಡು ಸ್ಪೀಕರುಗಳು, ನಡುವೆ ಹಳೆಯ ಕಾಲದ ಗಾಜಿನ ವಾಲ್ವುಗಳು ಬಲ್ಬಿನಂತೆ ಉರಿಯುವ ಆಂಪ್ಲಿಫೈಯರ್. ಹೆಬ್ಬೆರಳು ದಪ್ಪದ ತಂತಿಗಳು ನೆಲಕ್ಕೆ ತಾಗಬಾರದೆಂದು ಸಾಲಾಗಿ ಮರದ ತುಂಡುಗಳನ್ನು ಕೊಟ್ಟು ಎತ್ತಿ ನಿಲ್ಲಿಸಿದ್ದರು. ಕುರ್ಚಿ ಮಾತ್ರ ಒಂದೇ. ಇನ್ನೊಂದು ಕುರ್ಚಿ ಹಾಕಿದರೆ ಶಬ್ದ ಅದಕ್ಕೆ ಬಡಿದು ಕೆಡುತ್ತದೆಯಂತೆ. ನಾನು ನಿಂತೇ ಕೇಳಿದೆ.

ಒಂದು ಹಾಡು ಹಾಕಿದರು. ಒಳ್ಳೆಯ ಕಂಠ, ನಿಜಕ್ಕೂ ಎದುರಿಗೇ ಕೂತು ಹಾಡಿದ ಹಾಗಿತ್ತು. ಅಡುಗೆಮನೆಯ ಶೆಲ್ಫಿನ ಮೇಲೆ ರಬ್ಬರ್ ಬ್ಯಾಂಡು ಸುತ್ತಿದ ರೇಡಿಯೊ ಇಟ್ಟುಕೊಂಡು ಮೂವತ್ತು ವರ್ಷ ಸಾರು ಕುದಿಸಿದವಳು ನಾನು, ನನಗೆ ಮೈ ಜುಮ್ಮೆಂದಿತು. ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಫಟ್ಟನೆ ನಿಲ್ಲಿಸಿದರು. ಹಾಡಿನ ಹಿಂದೆ ಗುಂಯ್ ಅಂತಿದ್ದದ್ದು ಕೇಳಿಸಿತೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಹಾಕಿದರು, ಮತ್ತೆ ನಿಲ್ಲಿಸಿದರು. ಒಂದು ಗಂಟೆಯಲ್ಲಿ ಹನ್ನೊಂದು ಹಾಡಿನ ತಲೆ ತೋರಿಸಿದರು, ಒಂದರ ಬಾಲವನ್ನೂ ತೋರಿಸಲಿಲ್ಲ.

ಆ ಗುಂಯ್ ಸದ್ದಿಗೆ ಕಾರಣ ಹಿಂದಿನ ಬೀದಿಯ ಹಸೀನಾಬಿಯ ಹಿಟ್ಟಿನ ಗಿರಣಿ ಎಂದು ಅವರ ತೀರ್ಮಾನ. ಗಿರಣಿಯ ಏಳೂವರೆ ಎಚ್‌ಪಿ ಮೋಟರು ಅವರ ಮನೆಗೆ ಕರೆಂಟು ಕೊಡುವ ಟಿಸಿಯ ಮೇಲೇ ಇತ್ತು. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿಸಿ ಎನ್ನುತ್ತಾರೆ. ಒಂದೋ ಗಿರಣಿಯನ್ನು ಆ ಟಿಸಿಯಿಂದ ಕಿತ್ತು ಹಾಕಬೇಕು, ಇಲ್ಲವೇ ಸಂಜೆ ಐದರಿಂದ ಒಂಬತ್ತರವರೆಗೆ ಗಿರಣಿ ನಿಲ್ಲಿಸಬೇಕು ಎಂಬುದು ಬೇಡಿಕೆ. ಅವರು ಕೋಣೆಯಲ್ಲಿ ಕೂರುವ ಹೊತ್ತು ಅದು.

ನಾನು ಗಿರಣಿಗೂ ಹೋಗಿ ನೋಡಿದೆ. ಹಸೀನಾಬಿಗೆ ಆಗ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗಿರಣಿ ನಡೆಸುತ್ತಿದ್ದಳು. ಕಾಗದಪತ್ರವೆಲ್ಲ ಸರಿಯಾಗಿತ್ತು, ಮಂಜೂರಾದ ಲೋಡಿಗಿಂತ ಒಂದಿಷ್ಟೂ ಹೆಚ್ಚು ಎಳೆಯುತ್ತಿರಲಿಲ್ಲ. ಅವಳ ವ್ಯಾಪಾರವೆಲ್ಲ ಸಂಜೆಯದೇ. ಕೂಲಿ ಮುಗಿಸಿ ಬಂದ ಹೆಂಗಸರು ರಾಗಿ, ಜೋಳದ ಚೀಲ ಸೊಂಟಕ್ಕಿಟ್ಟುಕೊಂಡು ಬರುವುದು ಆಗಲೇ.

ಅಲ್ಲಿಯೂ ಹಾಡಿತ್ತು. ಹಳೆಯ ಟೇಪ್‌ರೆಕಾರ್ಡರಿನ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿ ತೊಲೆಗೆ ನೇತುಹಾಕಿದ್ದಳು. ನಮ್ಮ ಕಡೆ ಹಿಂದೆ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು, ಗಡಿಗೆಯೊಳಗಿಂದ ದನಿ ದುಂಡಾಗಿ ಬರುತ್ತದೆ. ಗಿರಣಿ ತಿರುಗುವಾಗ ಏನೂ ಕೇಳಿಸುವುದಿಲ್ಲವಲ್ಲ ಎಂದದ್ದಕ್ಕೆ ಹಸೀನಾಬಿ ನಕ್ಕಳು. ಒಬ್ಬರ ಹಿಟ್ಟು ಮುಗಿದು ಇನ್ನೊಬ್ಬರದು ಹಾಕುವ ನಡುವೆ ಒಳ್ಳೆಯ ಹಾಡೇನಾದರೂ ಬರುತ್ತಿದ್ದರೆ, ಅದು ಮುಗಿಯುವ ತನಕ ಅವಳು ಕಾಳು ಸುರಿಯುವುದಿಲ್ಲ. ಕಾದು ನಿಂತ ಹೆಂಗಸರೂ ಅವಸರ ಮಾಡುವುದಿಲ್ಲ, ಜೊತೆಗೆ ಗುನುಗುತ್ತಾರೆ.

ಇಷ್ಟನ್ನು ಕಣ್ಣಾರೆ ಕಂಡವಳು ನಾನು ಏನು ಮಾಡಬೇಕಿತ್ತು? ಒಂಬತ್ತೂ ಅರ್ಜಿಗಳಿಗೆ ಒಂದೇ ಸಾಲಿನ ಹಿಂಬರಹ ಕೊಟ್ಟು ಫೈಲು ಮುಚ್ಚಬೇಕಿತ್ತು. ಅಷ್ಟರಲ್ಲಿ ಮೇಲಿನವರಿಂದ ಫೋನು ಬಂತು. ಚಂದ್ರಪ್ಪನವರು ಬೇಕಾದವರು, ಸ್ವಲ್ಪ ಅಡ್ಜಸ್ಟ್ ಮಾಡಿ ಎಂದರು. ನಾನು ಮಾಡಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಲೈನ್ ಪರಿಶೀಲನೆ ಮುಗಿಯುವವರೆಗೆ ಸಂಜೆ ಗಿರಣಿ ಹಾಕಬೇಡ ಎಂದು ಹಸೀನಾಬಿಗೆ ಬಾಯಿಮಾತಿನಲ್ಲಿ ಹೇಳಿದೆ. ಬರೆದು ಕೊಟ್ಟರೆ ಅದು ಕಾನೂನಿಗೆ ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಅವಳು ಆ ಸಂಜೆಯೇ ಬಾಗಿಲು ಹಾಕಿದಳು. ಸಂಜೆ ಬರುತ್ತಿದ್ದ ಹೆಂಗಸರು ಊರಿನ ಆಚೆ ತುದಿಯ ಇನ್ನೊಂದು ಗಿರಣಿಗೆ ನಡೆಯತೊಡಗಿದರು.

ಹದಿನೆಂಟು ದಿನ ಹೀಗೇ ನಡೆಯಿತು. ಹತ್ತೊಂಬತ್ತನೆಯ ದಿನ ಚಂದ್ರಪ್ಪನವರು ಮತ್ತೆ ಕಚೇರಿಗೆ ಬಂದರು. ಗಿರಣಿ ನಿಂತಿದೆ, ಆದರೆ ಗುಂಯ್ ಸದ್ದು ಇನ್ನೂ ಹೋಗಿಲ್ಲ, ಬೀದಿಯಲ್ಲಿ ವೆಲ್ಡಿಂಗ್ ಅಂಗಡಿಯೂ ಒಂದಿದೆಯಲ್ಲ ಎಂದರು. ಒಬ್ಬ ಹೆಂಗಸಿನ ಹೊಟ್ಟೆಯ ಮೇಲೆ ಹದಿನೆಂಟು ದಿನ ಹೊಡೆದು, ಅದು ಸುಳ್ಳು ಅಂದಾಜು ಎಂದು ಗೊತ್ತಾದ ಮೇಲೂ ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಲೈನ್‌ಮನ್ ಹನುಮಂತಪ್ಪನನ್ನು ಜೊತೆಗೆ ಕರೆದುಕೊಂಡು, ಮೀಟರು ಹಿಡಿದು, ಆ ಸಂಜೆಯೇ ಅವರ ಮನೆಗೆ ನಡೆದೆ.

ಈ ಸಲ ನಾನು ಮಹಡಿ ಹತ್ತಲಿಲ್ಲ. ಮನೆಯ ಮುಖ್ಯ ಬೋರ್ಡು ಅಡುಗೆಮನೆಯ ಪಕ್ಕದಲ್ಲಿತ್ತು, ಅಲ್ಲಿಗೇ ಹೋದೆ. ಚಂದ್ರಪ್ಪನವರ ಹೆಂಡತಿ ಸುಮಿತ್ರಮ್ಮ ಪಾತ್ರೆ ತೊಳೆಯುತ್ತಿದ್ದರು. ಹಣೆಯ ತುಂಬ ವಿಭೂತಿ, ಪಕ್ಕದ ಗೂಡಿನಲ್ಲಿ ದೇವರ ದೀಪ. ಆದರೆ ಕಾಲಲ್ಲಿ ರಬ್ಬರಿನ ಚಪ್ಪಲಿ. ನಮ್ಮ ಸೀಮೆಯಲ್ಲಿ ಚಪ್ಪಲಿ ಮೆಟ್ಟಿ ಅಡುಗೆಮನೆಗೆ ಕಾಲಿಡುವ ಗೃಹಿಣಿಯನ್ನು ನಾನು ನೋಡಿರಲಿಲ್ಲ, ಅದರಲ್ಲೂ ದೇವರ ದೀಪದ ಎದುರಿಗೆ. ಕಾಲು ನೋವೇ ಎಂದು ಕೇಳಿದೆ.

“ಕಾಲು ಚೆನ್ನಾಗೈತ್ರೀ ಮೇಡಂ. ಇವರು ಮ್ಯಾಲೆ ಪದ ಹಚ್ಚಿದಾಗ ನಲ್ಲಿ ಮುಟ್ಟಾಕೆ ಆಗಲ್ಲ, ಜುಂ ಅಂತೈತೆ. ಚಪ್ಪಲಿ ಹಾಕ್ಕೋ ಅಂದ್ರು, ಹಾಕ್ಕೊಂಡೀನಿ. ಈಗ ನಾಕು ದಿನದಿಂದ ಬೆಳಿಗ್ಗೆ ಗೀಸರ್ ಹಾಕಿದಾಗ್ಲೂ ಹಿಡೀತೈತೆ. ಅದಕ್ಕೆ ಸ್ವಿಚ್ ಆರಿಸಿನೇ ಬಚ್ಚಲಿಗೆ ಹೋಗ್ತೀನಿ.”

ಹನುಮಂತಪ್ಪ ನನ್ನ ಮುಖ ನೋಡಿದ. ಬೋರ್ಡಿನ ಮುಚ್ಚಳ ಬಿಚ್ಚಿದೆವು. ಮನೆಯ ಅರ್ತಿಂಗ್ ತಂತಿಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ತುದಿಗೆ ಟೇಪು ಸುತ್ತಿ ಇಟ್ಟಿದ್ದರು. ಮಹಡಿಯಿಂದ ಇಳಿದು ಬಂದ ಚಂದ್ರಪ್ಪನವರು ಅದನ್ನು ತಾವೇ ಕತ್ತರಿಸಿದ್ದಾಗಿ ಯಾವ ಅಳುಕೂ ಇಲ್ಲದೆ ಹೇಳಿದರು. ಇಂಟರ್‌ನೆಟ್ಟಿನಲ್ಲಿ ಅವರದೇ ಚಟದ ಜನರ ಒಂದು ಗುಂಪಿತ್ತಂತೆ. ಅರ್ತ್ ತೆಗೆದರೆ ಗುಂಯ್ ಸದ್ದು ಹೋಗುತ್ತದೆ, ಆಂಪ್ಲಿಫೈಯರಿಗೆ ಬೇಕಾದ ‘ಶುದ್ಧ ಅರ್ತ್’ ನೀರಿನ ಪೈಪಿನಿಂದ ಸಿಗುತ್ತದೆ ಎಂದು ಅಲ್ಲಿ ಯಾರೋ ಬರೆದಿದ್ದರು. ಇವರು ಆಂಪ್ಲಿಫೈಯರಿನ ಮೈಯಿಂದ ಒಂದು ತಂತಿ ಎಳೆದು ನೀರಿನ ಕಬ್ಬಿಣದ ಪೈಪಿಗೆ ಬಿಗಿದಿದ್ದರು.

ಆ ಪೈಪು ನೆಲಕ್ಕೆ ಇಳಿದೇ ಇರಲಿಲ್ಲ. ಮನೆಯೊಳಗಷ್ಟೇ ಕಬ್ಬಿಣ, ಹೊರಗೆ ಬೀದಿಯ ತನಕ ಪ್ಲಾಸ್ಟಿಕ್ಕು. ಅಂದರೆ ಯಂತ್ರದಿಂದ ಸೋರಿದ ಕರೆಂಟು ಇಳಿಯಲು ದಾರಿಯಿಲ್ಲದೆ ಮನೆಯ ಎಲ್ಲ ನಲ್ಲಿಗಳಲ್ಲೂ ಕಾದು ಕೂತಿತ್ತು. ಮೇಲೆ ಹಾಡು ಹಾಕಿಸಿ ಅಡುಗೆಮನೆಯ ನಲ್ಲಿಗೆ ಮೀಟರು ಹಿಡಿದೆ, ತೊಂಬತ್ತು ವೋಲ್ಟು ತೋರಿಸಿತು. ಇದು ಜುಂ ಎನ್ನಿಸುವ ಕರೆಂಟು, ಸಾಮಾನ್ಯವಾಗಿ ಕೊಲ್ಲುವಂಥದಲ್ಲ. ನನಗೆ ಭಯವಿದ್ದದ್ದು ಗೀಸರಿನದು. ಹನುಮಂತಪ್ಪ ತನ್ನ ಚೀಲದಿಂದ ಹೋಲ್ಡರಿಗೆ ಹಾಕಿದ ಮಾಮೂಲಿ ಬಲ್ಬೊಂದನ್ನು ತೆಗೆದು, ಅದರ ಒಂದು ತಂತಿಯನ್ನು ಬಚ್ಚಲಿನ ನಲ್ಲಿಗೆ, ಇನ್ನೊಂದನ್ನು ಅಂಗಳದ ಅರ್ತಿಂಗ್ ಗುಂಡಿಗೆ ಕಟ್ಟಿದ. ಸೋರಿದ ಕರೆಂಟು ಕೊಲ್ಲುವಷ್ಟಿದ್ದರೆ ಮಾತ್ರ ಅಂಥ ಬಲ್ಬು ಹೊತ್ತುತ್ತದೆ. ಎಲ್ಲರನ್ನೂ ಬಚ್ಚಲಿನಿಂದ ಹೊರಗೆ ನಿಲ್ಲಿಸಿ ಗೀಸರಿನ ಸ್ವಿಚ್ ಹಾಕಿದೆ.

ಬಲ್ಬು ಕೆಂಪಗೆ ಹೊತ್ತಿಕೊಂಡಿತು.

ಸುಮಿತ್ರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಅದನ್ನೇ ನೋಡುತ್ತಾ ನಿಂತರು. ಒಂದೇ ಒಂದು ದಿನ ಸ್ವಿಚ್ ಆರಿಸುವುದನ್ನು ಮರೆತು ನೀರು ತಿರುಗಿಸಿದ್ದರೆ, ಬಚ್ಚಲಿನ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಇದನ್ನು ಚಂದ್ರಪ್ಪನವರಿಗೆ ಬಿಡಿಸಿ ಹೇಳಿದೆ. ಕತ್ತರಿಸಿದ ತಂತಿಯನ್ನು ಮೊದಲಿನಂತೆ ಕೂಡಿಸಬೇಕು, ಗೀಸರ್ ಬದಲಿಸಬೇಕು, ಪೈಪಿಗೆ ಬಿಗಿದ ತಂತಿಯನ್ನು ಕಿತ್ತುಹಾಕಬೇಕು ಎಂದೆ. ಅವರು ಬಲ್ಬನ್ನು ನೋಡಿದರು, ಹೆಂಡತಿಯ ಕಡೆ ನೋಡಲಿಲ್ಲ.

“ಅರ್ತ್ ಕೊಟ್ರೆ ಸೌಂಡ್ ಏನಾದ್ರೂ ಕೆಡ್ತೈತೇನ್ರೀ ಮೇಡಂ?” ಎಂದು ಕೇಳಿದರು.

ಸರ್ಕಾರಿ ಕೆಲಸದ ಮೇಲೆ ಹೋಗಿರದಿದ್ದರೆ ಏನೆನ್ನುತ್ತಿದ್ದೆನೋ ಗೊತ್ತಿಲ್ಲ. ಹಾಡಿನ ಹುಚ್ಚು ಇರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವರ ಮೇಲೆ ನನಗೆ ಪ್ರೀತಿಯೇ. ಈ ಮನುಷ್ಯನಿಗೆ ಇದ್ದದ್ದು ಹಾಡಿನ ಹುಚ್ಚಲ್ಲ. ಹಾಡು ಅವರಿಗೆ ತಂತಿಯನ್ನು ಪರೀಕ್ಷಿಸುವ ಸಾಮಾನು. ಹಿಂದಿನ ಬೀದಿಯ ಗಿರಣಿ ಸದ್ದು ಮಾಡದೆಯೂ ಕೇಳಿಸುತ್ತಿದ್ದ ಆ ಕಿವಿಗೆ, ಕೆಳಗಿನ ಅಡುಗೆಮನೆಯಿಂದ ಹೆಂಡತಿ ಹೇಳಿದ ಮಾತು ಚಪ್ಪಲಿ ಹಾಕ್ಕೋ ಎನ್ನುವಷ್ಟರ ಮಟ್ಟಿಗೆ ಮಾತ್ರ ಕೇಳಿಸಿತ್ತು.

ಜೀವಾಪಾಯವಿರುವ ವೈರಿಂಗ್ ಕಂಡರೆ ಸರಿಯಾಗುವವರೆಗೆ ಸಂಪರ್ಕ ತೆಗೆಯುವ ಅಧಿಕಾರ ನಮಗಿದೆ. ಅಲ್ಲೇ ಕೂತು ನೋಟೀಸು ಬರೆದೆ, ಸಹಿ ಹಾಕಿಸಿಕೊಂಡೆ, ಹನುಮಂತಪ್ಪ ಕಂಬ ಹತ್ತಿ ಸಂಪರ್ಕ ಬಿಚ್ಚಿದ. ಮಹಡಿಯ ವಾಲ್ವುಗಳು ಆರಿದವು. ನಾನು ಗೇಟು ದಾಟುವ ಮೊದಲೇ ಮೇಲಿನವರ ಫೋನು ಬಂತು. ಮರುಸಂಪರ್ಕ ಕೊಡಿ ಎಂಬ ಆದೇಶವನ್ನು ಬರೆದು ಕಳಿಸಿ, ಆ ಹೆಂಗಸಿಗೆ ಏನಾದರೂ ಆದರೆ ಫೈಲಿನಲ್ಲಿ ಇರಲಿ ಎಂದೆ. ಆ ಆದೇಶ ಬರಲೇ ಇಲ್ಲ.

ಅಲ್ಲಿಂದ ನೇರ ಗಿರಣಿಗೆ ಹೋದೆ. ಹಸೀನಾಬಿ ಬಾಗಿಲು ಹಾಕಿಕೊಂಡು ಜರಡಿ ಸರಿಮಾಡುತ್ತಿದ್ದಳು. ಗಿರಣಿ ಹಾಕಬಹುದು, ತಪ್ಪು ನನ್ನದು ಎಂದೆ. ಅವಳು ಕೂಡಲೇ ಎದ್ದು ಬರಲಿಲ್ಲ. ಜರಡಿ ಕೆಳಗಿಟ್ಟು ಹೇಳಿದಳು:

“ನೀವು ಬಾಯಾಗೆ ಹೇಳಿದ್ರಿ, ನಾನು ನಿಲ್ಲಿಸ್ದೆ. ಯಾರ ಹತ್ರ ಹೋಗಿ ಏನು ತೋರಿಸಾಕೆ ಆಗ್ತಿತ್ತು? ಇನ್ಮ್ಯಾಲೆ ಏನೇ ಇದ್ರೂ ಬರ್ದು ಕೊಡ್ರಿ ಮೇಡಂ.”

ಅವಳ ಎದುರಿಗೇ ನೋಟೀಸ್ ಪುಸ್ತಕ ತೆಗೆದು, ನಿಮ್ಮ ಗಿರಣಿಯಿಂದ ಯಾವ ದೋಷವೂ ಇಲ್ಲ, ಎಂದಿನಂತೆ ನಡೆಸಬಹುದು ಎಂದು ಬರೆದು, ಸೀಲು ಒತ್ತಿ ಕೊಟ್ಟೆ. ಅದನ್ನು ಅವಳು ಲೈಸೆನ್ಸಿನ ಚೌಕಟ್ಟಿನ ಹಿಂದೆ ಸಿಕ್ಕಿಸಿದಳು.

ಮರುದಿನ ಸಂಜೆ ಗಿರಣಿ ಮತ್ತೆ ತಿರುಗಿತು. ಲೋಡು ಅಳೆಯುವ ನೆಪದಲ್ಲಿ ನಾನೂ ಹೋಗಿ ನಿಂತಿದ್ದೆ. ಐದಾರು ಹೆಂಗಸರು ವಾಪಸು ಬಂದಿದ್ದರು. ಅವರ ಹಿಂದೆ ಸುಮಿತ್ರಮ್ಮ ಜೋಳದ ಡಬ್ಬಿ ಹಿಡಿದು ಬಂದರು. ಅವರ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ, ಎಲೆಕ್ಟ್ರಿಷಿಯನ್ ಕೆಲಸ ನಡೆಸಿದ್ದ. ಅವರು ಯಾರ ಹೆಂಡತಿ ಎಂಬುದು ಹಸೀನಾಬಿಗೆ ಗೊತ್ತಿತ್ತು. ಆದರೂ ಡಬ್ಬಿ ತೆಗೆದುಕೊಂಡು ಸರದಿಯಲ್ಲಿಟ್ಟಳು. ಮೂಲೆಯಲ್ಲಿ ಕೈ ತೊಳೆಯುವ ನಲ್ಲಿ ಇತ್ತು. ಸುಮಿತ್ರಮ್ಮ ಕೈ ಚಾಚಿ, ಮುಟ್ಟುವ ಮೊದಲು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದ ಮೇಲೆ ತಿರುಗಿಸಿದರು.

ಅವರ ಸರದಿ ಬರುವ ಹೊತ್ತಿಗೆ ಗಡಿಗೆಯಲ್ಲಿ ಒಂದು ಹಾಡು ಶುರುವಾಗಿತ್ತು. ದನಿ ಒಡೆದಿತ್ತು, ನಡುನಡುವೆ ಕರಕರ ಅನ್ನುತ್ತಿತ್ತು. ಹಸೀನಾಬಿ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಳು. ಹಾಡು ಮುಗಿಯಲಿ, ಆಮೇಲೆ ಹಾಕುತ್ತೇನೆ ಎಂದಳು.

“ಹಾಡು ಪೂರ್ತಿ ಹಾಕ್ತೀರೇನವ್ವಾ?” ಎಂದರು ಸುಮಿತ್ರಮ್ಮ.

“ಹಾಡು ಅರ್ಧಕ್ಕೆ ಯಾರು ನಿಲ್ಲಿಸ್ತಾರ್ರೀ ಅಕ್ಕಾ?”

ಸುಮಿತ್ರಮ್ಮ ಗೋಡೆಗೊರಗಿ ಕೊನೆಯವರೆಗೂ ಕೇಳಿದರು.

ಈಗ ನಿವೃತ್ತಳಾಗಿ ಚನ್ನಗಿರಿಯಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಏನಾದರೂ ಕೇಳಲು ಬಂದರೆ ಎರಡು ಮಾತು ಹೇಳುತ್ತೇನೆ. ಬರೆದು ಕೊಡಲು ಅಂಜಿಕೆಯಾಗುವ ಆದೇಶವನ್ನು ಬಾಯಿಂದಲೂ ಕೊಡಬೇಡಿ. ಮತ್ತೆ, ಒಂದೇ ಮನೆಯಿಂದ ಒಂಬತ್ತು ಅರ್ಜಿ ಬಂದರೆ, ಆ ಮನೆಯಲ್ಲಿ ಅರ್ಜಿ ಬರೆಯದೆ ಇರುವವರು ಯಾರು ಎಂದು ನೋಡಲು ಮೊದಲು ಅಡುಗೆಮನೆಗೆ ಹೋಗಿ. ನಾನು ಅಲ್ಲಿಗೆ ಹದಿನೆಂಟು ದಿನ ತಡವಾಗಿ ಹೋದೆ.