ಸೀರೆಯೊಳಗೆ ಬಚ್ಚಿಟ್ಟ ಕಾಲು

ಎರಡನೇ ಮಗು ಹುಟ್ಟಿ ಕೆಲಸಕ್ಕೆ ಮರಳಿದ ವರ್ಷವೇ ನನ್ನ ಎಡಗಾಲಿನ ನರಗಳು ಉಬ್ಬತೊಡಗಿದವು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಹದೇವಪುರದ ನಮ್ಮ ಮನೆಯಿಂದ ಅರ್ಧ ಗಂಟೆ ನಡೆದರೆ ಸಿಗುತ್ತಿದ್ದ ಕಾರ್ಖಾನೆಯೊಂದರಲ್ಲಿ ನಾನು ಡ್ರಿಲ್ಲಿಂಗ್ ಮಿಷಿನ್ ನಡೆಸುತ್ತಿದ್ದೆ. ಹಿತ್ತಾಳೆ ತುಂಡುಗಳಿಗೆ ತೂತು ಕೊರೆಯುವ ಕೆಲಸ. ನಮ್ಮ ಸಾಲಿನಲ್ಲಿ ಹನ್ನೊಂದು ಜನ ಹೆಂಗಸರು, ಎಲ್ಲರೂ ನಿಂತೇ ಇರಬೇಕು. ಕೂತರೆ ತೂಕಡಿಕೆ ಬರುತ್ತದೆ, ಕೈ ಮಿಷಿನ್ನಿಗೆ ಸಿಕ್ಕುತ್ತದೆ ಎಂಬುದು ಸೂಪರ್‌ವೈಸರ್ ವಾದ.

ಮಧ್ಯಾಹ್ನ ಮೂರರ ಹೊತ್ತಿಗೆ ಕಾಲು ಗುಂಡುಕಲ್ಲಾಗುತ್ತಿತ್ತು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಿ, ಹಿಮ್ಮಡಿ ಎತ್ತಿ ಇಳಿಸಿ, ಸೈರನ್ ಆಗುವವರೆಗೆ ಹೇಗೋ ತಳ್ಳುತ್ತಿದ್ದೆ. ಮನೆಗೆ ಬಂದು ಗೋಡೆಗೆ ಕಾಲು ಚಾಚಿ ಮಲಗಿದರೆ ನೋವು ಇಳಿಯುತ್ತಿತ್ತು.

ನೋವಿಗೆ ಒಗ್ಗಿಕೊಂಡಿದ್ದೆ. ಭಯ ಹುಟ್ಟಿಸಿದವರು ನಮ್ಮತ್ತೆ. ಒಂದು ಭಾನುವಾರ ಬಟ್ಟೆ ಒಗೆಯಲು ಸೀರೆ ಎತ್ತಿ ಕಟ್ಟಿದ್ದಾಗ ಅವರ ಕಣ್ಣಿಗೆ ಬಿತ್ತು.

"ಅಯ್ಯೋ, ಯಾವಾಗಿಂದ ಇಂಗೈತೆ?"

"ಮಗು ಆದ್ಮೇಲಿಂದ ಅತ್ತೆ."

"ನಮ್ಮತ್ತಿಗೆಗೂ ಇಂಗೇ ಇತ್ತು ಕಣೇ. ನಾಟಿ ಮಾಡ್ತಿದ್ದಾಗ ಒಡೀತು. ಕೆಸರ್ನಾಗೆ ನಿಂತಿದ್ಲಲ್ಲ, ಗೊತ್ತೇ ಆಗ್ಲಿಲ್ಲ. ಬದುವಿಗೆ ಬರೋ ಅಷ್ಟ್ರಲ್ಲಿ ಓಗ್ಬಿಟ್ಲು."

ಅಷ್ಟು ಹೇಳಿ ಅವರು ಹರಳೆಣ್ಣೆ ತಂದುಕೊಟ್ಟರು. ಒತ್ತಿದರೆ ಒಡೆದೀತೆಂದು ಅದನ್ನು ಸವರದೆ ಹಾಗೇ ಇಟ್ಟೆ.

ಅಂದಿನಿಂದ ಕಂಡದ್ದೆಲ್ಲ ಚೂಪಾಯಿತು. ನೆಲದ ಮೇಲಿನ ಹಿತ್ತಾಳೆ ಚೂರು, ತಗಡಿನ ಟ್ರೇಯ ಅಂಚು, ನಿದ್ದೆಯಲ್ಲಿ ಒದೆಯುವ ನನ್ನದೇ ಮಗುವಿನ ಕಾಲುಗೆಜ್ಜೆ. ಹಳೇ ಸೀರೆ ಹರಿದು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡೆ. ಬೆರಳು ಜೋಮು ಹಿಡಿದಾಗ ಬಿಚ್ಚಿದೆ. ಡಾಕ್ಟರ ಹತ್ತಿರ ಹೋಗಲು ಧೈರ್ಯವಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕಾಲು ಸರಿಯಿಲ್ಲ ಎಂದು ಬರೆದುಕೊಟ್ಟರೆ ಮನೆಗೆ ಕಳಿಸುತ್ತಾರೆ. ಕಾಲನ್ನೇ ತೆಗೆಯಬೇಕು ಎಂದರಂತೂ ಏನು ಮಾಡುವುದು? ಸೀರೆಯನ್ನು ಇನ್ನೂ ಇಳಿಸಿ ಉಟ್ಟೆ.

ಒಂದು ದಿನ ಊಟದ ನಂತರ ಮಿಷಿನ್ನಿನ ಮುಂದೆ ನಿಂತಿದ್ದೆ. ಪಾದದ ಮೇಲೆ ಏನೋ ಹರಿದ ಹಾಗಾಯಿತು. ಡ್ರಿಲ್ ಬಿಸಿಯಾಗದಿರಲೆಂದು ಬಿಡುವ ಬಿಳಿ ನೀರು ಸೋರಿದೆ ಎಂದುಕೊಂಡೆ. ಆದರೆ ಆ ನೀರು ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು.

ಬಗ್ಗಿ ನೋಡಿದೆ. ಚಪ್ಪಲಿ ತುಂಬ ರಕ್ತ. ನೋವು ಚೂರೂ ಇಲ್ಲ, ಅದೇ ಹೆಚ್ಚು ಹೆದರಿಸಿತು. ಮಿಷಿನ್ ಬಿಟ್ಟು ಹಿಂದೆ ಸರಿದು ಕಿರುಚಿದೆ. ಬದುವಿಗೆ ಬರುವಷ್ಟರಲ್ಲಿ, ಬದುವಿಗೆ ಬರುವಷ್ಟರಲ್ಲಿ ಎಂಬುದೊಂದೇ ತಲೆಯೊಳಗೆ.

ಸೂಪರ್‌ವೈಸರ್ ಓಡಿಬಂದು, "ಕುರ್ಚಿ ತನ್ರೋ, ಕೂರಿಸಿ!" ಎಂದು ಕೂಗಿದರು.

"ಕೂರಿಸ್ಬೇಡಿ ಸಾರ್, ಮಲಗಿಸ್ಬೇಕು!" ಎಂದವಳು ಪಕ್ಕದ ಮಿಷಿನ್ನಿನ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ಕಡಿಮೆ. ನನ್ನನ್ನು ನೆಲಕ್ಕೆ ಒರಗಿಸಿ, ಹಿಮ್ಮಡಿಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ಊಟದ ಡಬ್ಬಿಗೆ ಕಟ್ಟಿ ತಂದಿದ್ದ ಟವೆಲ್ ಮಡಚಿ ಒಡೆದ ನರದ ಮೇಲೆ ಒತ್ತಿ ಹಿಡಿದಳು.

"ಅಕ್ಕಾ, ಸತ್ತೋಗ್ತೀನಾ?"

"ಇಲ್ಲ. ಸುಮ್ನೆ ಮೇಲೆ ನೋಡ್ತಿರು."

ಗಂಡಸರೆಲ್ಲ ಸುತ್ತ ನಿಂತಿದ್ದರು. ಇಷ್ಟು ದಿನ ಬಚ್ಚಿಟ್ಟ ಕಾಲು ಎಲ್ಲರ ಕಣ್ಣೆದುರು. ನಾಚಿಕೆಪಡುವಷ್ಟು ಜೀವವೂ ನನ್ನಲ್ಲಿರಲಿಲ್ಲ. ಶೀಟಿನ ಚಾವಣಿಯನ್ನು ನೋಡುತ್ತ ಮಕ್ಕಳ ಹೆಸರು ಹೇಳಿಕೊಳ್ಳುತ್ತಿದ್ದೆ. ಹತ್ತು ನಿಮಿಷವೋ ಹದಿನೈದೋ, ರಕ್ತ ನಿಂತಿತು.

"ಮಲಗಿಸ್ಬೇಕು ಅಂತ ನಿಂಗೆ ಹೆಂಗೆ ಗೊತ್ತಿತ್ತಕ್ಕ?" ಎಂದು ಆಸ್ಪತ್ರೆಗೆ ಹೊರಟ ವ್ಯಾನಿನಲ್ಲಿ ಕೇಳಿದೆ.

ಅವಳು ಡ್ರೈವರ್ ಕಡೆ ನೋಡಿ ದನಿ ತಗ್ಗಿಸಿದಳು. "ನಂದೂ ಓದ್ವರ್ಷ ಒಡೆದಿತ್ತು. ಯಾರ್ಗೂ ಏಳ್ಬೇಡ."

ಡಾಕ್ಟರು ಎರಡು ಹೊಲಿಗೆ ಹಾಕಿದರು. ಕಾಲು ಕತ್ತರಿಸುತ್ತೀರಾ ಎಂದು ಕೇಳಿದ್ದಕ್ಕೆ, "ಯಾರಮ್ಮ ಹೇಳಿದ್ದು ನಿಂಗೆ?" ಎಂದು ಗದರಿದರು. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಬೆರಳ ಬುಡದಿಂದ ಮಂಡಿಯವರೆಗೆ ಕ್ರೇಪ್ ಬ್ಯಾಂಡೇಜ್ ಸುತ್ತುವುದನ್ನು ಕಲಿಸಿದರು. ಗಂಟೆಗಟ್ಟಲೆ ನಿಲ್ಲಿಸಬಾರದು ಎಂದು ಚೀಟಿ ಬರೆದುಕೊಟ್ಟರು.

ಆ ಚೀಟಿಯನ್ನು ಸೂಪರ್‌ವೈಸರ್ ಕೈಗೆ ಕೊಡುವಾಗ ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಎರಡು ಸಲ ಓದಿದರು. ಆಮೇಲೆ ಒಂದು ಸ್ಟೂಲ್ ತರಿಸಿ ನನ್ನ ಮಿಷಿನ್ನಿನ ಮುಂದೆ ಹಾಕಿಸಿದರು.

ಕೂತೆ. ಆದರೂ ದಿನಕ್ಕೆ ಹತ್ತು ಸಲ ಬಗ್ಗಿ ಚಪ್ಪಲಿ ಮುಟ್ಟಿ ನೋಡುತ್ತಿದ್ದೆ. ಪಕ್ಕದಲ್ಲಿ ಅಕ್ಕ ನಿಂತೇ ಇದ್ದಳು. ಅವಳ ಸೀರೆಯಂಚಿನ ಕೆಳಗೆ ಯಾವಾಗ ಕೆಂಪು ಕಾಣುತ್ತದೋ ಎಂದು ನೋಡುತ್ತಲೇ ಇದ್ದೆ. ಯಾರಿಗೂ ಹೇಳಬೇಡ ಎಂದಿದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ದಿನಾ ಬೆಳಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳನ್ನು ಮಲಗಿಸಿ ಬ್ಯಾಂಡೇಜ್ ಸುತ್ತುತ್ತಿದ್ದೆ. ಮೂರನೇ ವಾರ ಅವಳೇ ಸೂಪರ್‌ವೈಸರ್ ಮುಂದೆ ಹೋಗಿ ನಿಂತಳು.

"ಸಾರ್, ನಂಗೂ ಒಂದು ಸ್ಟೂಲ್ ಬೇಕು."

ಅವರು ತಲೆ ಎತ್ತುವಷ್ಟರಲ್ಲಿ ನಮ್ಮ ಸಾಲಿನ ಇನ್ನೂ ನಾಲ್ವರು ಮಿಷಿನ್ ನಿಲ್ಲಿಸಿ ಅವಳ ಹಿಂದೆ ಬಂದಿದ್ದರು.